ಯುದ್ಧದಿಂದ ಊರು ಬಿಟ್ಟ ಉಕ್ರೇನ್ ಶಿಕ್ಷಕರ ಕೆಲಸ: ರಾಜೀನಾಮೆ ಬರೆಯುವ ಮುಂಚೆ ಮಾಡಬೇಕಾದ್ದು

ಊರು ಬಿಟ್ಟು ಬಂದ ಶಿಕ್ಷಕರು ಆತುರದಲ್ಲಿ ಮಾಡುವ ದೊಡ್ಡ ತಪ್ಪು ರಾಜೀನಾಮೆ ಕೊಡುವುದು. ಬಾಂಬಿನ ಸದ್ದಿನಿಂದ ತಪ್ಪಿಸಿಕೊಂಡು, ಮಕ್ಕಳನ್ನು ಕಟ್ಟಿಕೊಂಡು, ಒಂದು ಚೀಲ ಹಿಡಿದು ಬಂದಿರುತ್ತಾರೆ. ಎರಡನೇ ವಾರಕ್ಕೇ ಮನಸ್ಸಿನಲ್ಲಿ ಒಂದು ಕೊರೆತ ಶುರುವಾಗುತ್ತದೆ. ಶಾಲೆಗೆ ಹೋಗದೆ ಸಂಬಳ ತಗೊಳ್ಳುವುದು ಸರಿಯಾ? ಹೆಡ್‌ಮಾಸ್ಟರಿಗೆ ತೊಂದರೆ ಕೊಡುತ್ತಿದ್ದೇನಾ? ಸುಮ್ನೆ ಬಿಟ್ಟುಬಿಡೋಣ ಅನ್ನಿಸುತ್ತದೆ. ಬೇಡ. ಆ ಹಳೆಯ ಕೆಲಸ ನಿಮ್ಮ ಕೈಯಲ್ಲಿರುವ ಆಸ್ತಿ. ಅದನ್ನು ಬಿಡುವುದು ಕೊನೆಯ ಹೆಜ್ಜೆ.

ಯುರೋಪಿನಲ್ಲಿರುವ ಕನ್ನಡಿಗರಲ್ಲಿ ಅನೇಕರಿಗೆ ಪಕ್ಕದ ಮನೆಯಲ್ಲೋ, ಮಕ್ಕಳ ಶಾಲೆಯಲ್ಲೋ ಉಕ್ರೇನಿನ ಒಬ್ಬ ಟೀಚರ್ ಪರಿಚಯ ಆಗಿರಬಹುದು. ಅವರ ಜೊತೆ ಕೂತು ಕಾಗದಪತ್ರ ನೋಡುವಾಗ ಓದಿ ಹೇಳಲು ಸುಲಭ ಆಗಲಿ ಅಂತ ಇದನ್ನು ಬರೆದಿದ್ದೇನೆ. ಇಲ್ಲಿ ‘ನೀವು’ ಅಂದರೆ ಆ ಟೀಚರ್.

ಮೊದಲು ನಿಮ್ಮ ಬೆನ್ನಿಗಿರುವ ಕಾನೂನು ತಿಳಿದುಕೊಳ್ಳಿ

ರಷ್ಯಾದ ಪೂರ್ಣ ಪ್ರಮಾಣದ ದಾಳಿ ಶುರುವಾಗಿದ್ದು 2022ರ ಫೆಬ್ರವರಿ 24ರಂದು. ಅದೇ ದಿನ ಉಕ್ರೇನ್‌ನಲ್ಲಿ ಸಮರ ಕಾನೂನು ಜಾರಿಗೆ ಬಂತು. ಮಾರ್ಚ್ 15ರಂದು ಅಲ್ಲಿನ ಸಂಸತ್ತು ಎರಡು ಮುಖ್ಯ ಕೆಲಸ ಮಾಡಿತು. ಶಿಕ್ಷಣ ಕಾನೂನಿಗೆ 57-1 ಅನ್ನುವ ಹೊಸ ಕಲಮು ಸೇರಿಸಿತು. ಜೊತೆಗೆ ಯುದ್ಧಕಾಲದ ಕೆಲಸ-ಕರಾರುಗಳ ಬಗ್ಗೆ 2136 ಸಂಖ್ಯೆಯ ಬೇರೆಯೇ ಒಂದು ಕಾನೂನು ತಂದಿತು.

ಈ 57-1ನೇ ಕಲಮು ಶಿಕ್ಷಕರಿಗೆ ಜೀವಾಳ. ಯುದ್ಧದಿಂದ ವಾಸದ ಜಾಗ ಬದಲಿಸಬೇಕಾಗಿ ಬಂದವರಿಗೆ, ಕೆಲಸದ ಜಾಗ ಬಿಟ್ಟು ಬರಬೇಕಾದವರಿಗೆ, ಅವರು ಈಗ ಎಲ್ಲೇ ಇರಲಿ, ಕೆಲಸದ ಸ್ಥಾನ ಮತ್ತು ಸರಾಸರಿ ಗಳಿಕೆ ಉಳಿಯುತ್ತದೆ ಅಂತ ಅದು ಭರವಸೆ ಕೊಡುತ್ತದೆ. ಪಾಠ ಆನ್‌ಲೈನ್‌ನಲ್ಲೋ, ಸುರಕ್ಷಿತವಾದ ಇನ್ನೊಂದು ರೀತಿಯಲ್ಲೋ ನಡೆಯಬೇಕು ಅಂತಲೂ ಹೇಳುತ್ತದೆ.

ಓದುವಾಗ ಅರಮನೆ ಸಿಕ್ಕ ಹಾಗೆ ಕಾಣುತ್ತದೆ, ಅಲ್ವಾ? ಆದರೆ 2136ನೇ ಕಾನೂನು ಅದೇ ದಿನ ಶಾಲೆಯವರ ಕೈಗೂ ಕೆಲವು ಕತ್ತರಿ ಕೊಟ್ಟಿದೆ. ಇವೆರಡರ ನಡುವಿನ ಜಗ್ಗಾಟದಲ್ಲೇ ನಿಮ್ಮ ಸಂಬಳ ಇದೆ. ಸಮರ ಕಾನೂನನ್ನು ಸಾಮಾನ್ಯವಾಗಿ 90 ದಿನಗಳಿಗೊಮ್ಮೆ ಮುಂದುವರಿಸುತ್ತಾ ಬಂದಿದ್ದಾರೆ. ಯುದ್ಧಕಾಲದ ನಿಯಮಗಳು ಅದಕ್ಕೆ ಅಂಟಿಕೊಂಡಿವೆ, ನಡುನಡುವೆ ತಿದ್ದುಪಡಿಯೂ ಆಗುತ್ತವೆ. ಹಾಗಾಗಿ ಅರ್ಜಿ ಬರೆಯುವ ದಿನ ಸಂಸತ್ತಿನ ಕಾನೂನು ತಾಣದಲ್ಲಿ ಆ ಕಲಮನ್ನು ಇನ್ನೊಮ್ಮೆ ತೆರೆದು ನೋಡಿ. ಫೋನಿನಲ್ಲಿ ಉಳಿಸಿಕೊಂಡ ಹಳೆಯ ಪ್ರತಿಯನ್ನು ನಂಬಬೇಡಿ.

ಹೆಜ್ಜೆ 1: ಇವತ್ತೇ ಶಾಲೆಗೆ ಬರೆಯಿರಿ

ಫೋನ್ ಮಾಡಿದ್ದೆ ಅಂದರೆ ಸಾಲದು. ವಾಟ್ಸ್ಆ್ಯಪ್‌ನಲ್ಲಿ, ವೈಬರ್‌ನಲ್ಲಿ ಗೆಳತಿಗೆ ಹೇಳಿ ಕಳಿಸಿದ್ದೆ ಅಂದರೂ ಸಾಲದು. ಶಾಲೆಯ ಅಧಿಕೃತ ಇಮೇಲ್‌ಗೆ ನಿಮ್ಮ ಹೆಸರಿನಲ್ಲಿ ಪತ್ರ ಹೋಗಬೇಕು. ಯುದ್ಧಕಾಲದ 2136ನೇ ಕಾನೂನಿನ 7ನೇ ಕಲಮಿನ ಪ್ರಕಾರ ನೀವು ಮತ್ತು ಶಾಲೆ ಒಪ್ಪಿಕೊಂಡರೆ ಕಾಗದಪತ್ರಗಳನ್ನು ಇಮೇಲ್‌ನಂಥ ದಾರಿಯಲ್ಲಿ ಕಳಿಸಬಹುದು, ಇಟ್ಟುಕೊಳ್ಳಬಹುದು.

ಯಾಕಿಷ್ಟು ಆತುರ ಅಂದರೆ, 2022ರ ಜುಲೈ 19ರಿಂದ ಕಾರ್ಮಿಕ ಸಂಹಿತೆಯ 36ನೇ ಕಲಮಿಗೆ ಒಂದು ಹೊಸ ಕಾರಣ ಸೇರಿತು. ನೌಕರರು ಸತತ 4 ತಿಂಗಳಿಗಿಂತ ಜಾಸ್ತಿ ಕೆಲಸಕ್ಕೆ ಬಾರದೆ, ಯಾಕೆ ಬಂದಿಲ್ಲ ಅನ್ನುವ ಮಾಹಿತಿಯೂ ಇಲ್ಲದಿದ್ದರೆ ಕರಾರು ಮುಗಿಸಬಹುದು. ಎರಡೂ ಸೇರಿದರೆ ಮಾತ್ರ. ಅಂದರೆ ಒಂದೇ ಒಂದು ಪತ್ರ ಈ ಬಾಗಿಲನ್ನು ಮುಚ್ಚುತ್ತದೆ.

ಪತ್ರ ಉದ್ದ ಬೇಡ. ಕಷ್ಟದ ಕಥೆಯೂ ಬೇಡ. ಹೀಗಿದ್ದರೆ ಸಾಕು:

“ನಾನು, ನಿಮ್ಮ ಶಾಲೆಯ ಗಣಿತ ಶಿಕ್ಷಕಿ, ಯುದ್ಧದ ಕಾರಣ ಇಂಥ ದಿನ ಊರು ಬಿಟ್ಟಿದ್ದೇನೆ. ಈಗ ಇಂಥ ನಗರದಲ್ಲಿದ್ದೇನೆ. ನನ್ನ ಬಳಿ ಕಂಪ್ಯೂಟರ್ ಮತ್ತು ಇಂಟರ್ನೆಟ್ ಇದೆ. ದೂರದಿಂದ ಪಾಠ ಮಾಡಲು ಸಿದ್ಧಳಿದ್ದೇನೆ. ದಯವಿಟ್ಟು ನನ್ನನ್ನು ದೂರಕೆಲಸಕ್ಕೆ ಹಾಕಿ, ಆದೇಶದ ಪ್ರತಿಯನ್ನು ಈ ಇಮೇಲ್‌ಗೆ ಕಳಿಸಿ.”

ಇದರಲ್ಲಿ ತೂಕ ಇರುವ ವಾಕ್ಯ ‘ಪಾಠ ಮಾಡಲು ಸಿದ್ಧಳಿದ್ದೇನೆ’ ಅನ್ನುವುದು. ಮುಂದೆ ಶಾಲೆಯವರು “ಇವರಿಂದ ಕೆಲಸ ಮಾಡಲು ಆಗಲಿಲ್ಲ” ಅಂತ ಬರೆದರೆ, ಈ ವಾಕ್ಯವೇ ಅದಕ್ಕೆ ಉತ್ತರ. ಹಾಗಂತ ಕಂಪ್ಯೂಟರ್ ಇಲ್ಲದೆ ಇದೆ ಅಂತ ಬರೆಯಬೇಡಿ. ಇಲ್ಲದಿದ್ದರೆ ಇಲ್ಲ ಅಂತಲೇ ಬರೆದು, ಶಾಲೆಯಿಂದ ಕೊಡಲು ಆಗುತ್ತದಾ ಅಂತ ಕೇಳಿ. ಪತ್ರದ ಸ್ಕ್ರೀನ್‌ಶಾಟ್, ಕಳಿಸಿದ ದಿನ, ಬಂದ ಉತ್ತರ, ಮೂರನ್ನೂ ಒಂದು ಫೋಲ್ಡರ್‌ನಲ್ಲಿ ಇಡಿ.

ಹೆಜ್ಜೆ 2: ನಿಮ್ಮನ್ನು ಯಾವ ಖಾನೆಯಲ್ಲಿ ಹಾಕಿದ್ದಾರೆ ಅಂತ ಕೇಳಿ

ಇದು ಇಡೀ ವಿಷಯದ ತಿರುಳು. ಶಾಲೆಯ ದಾಖಲೆಯಲ್ಲಿ ನೀವು ಈಗ ಏನು? ಪಾಠ ಮಾಡುತ್ತಿರುವವರಾ, ಕೆಲಸವಿಲ್ಲದೆ ಕಾಯುತ್ತಿರುವವರಾ, ರಜೆಯಲ್ಲಿರುವವರಾ, ಕರಾರು ತಡೆಹಿಡಿದವರಾ? ಅನೇಕರಿಗೆ ಇದು ಗೊತ್ತೇ ಇರುವುದಿಲ್ಲ. ಸಂಬಳ ಕಡಿಮೆ ಬಂದಾಗಲೇ ಗೊತ್ತಾಗುವುದು. ಪ್ರತಿಯೊಂದಕ್ಕೂ ಹೆಡ್‌ಮಾಸ್ಟರ್ ಸಹಿಯ ಆದೇಶ, ಅವರ ಭಾಷೆಯಲ್ಲಿ ‘ನಕಾಜ್’, ಇರಬೇಕು. ಅದನ್ನು ಕೇಳಿ.

ದೂರಕೆಲಸ ಆದರೆ ಎಲ್ಲಕ್ಕಿಂತ ಒಳ್ಳೆಯದು. ಸಂಹಿತೆಯ 60-2ನೇ ಕಲಮಿನ ಪ್ರಕಾರ ಯುದ್ಧದ ಸಮಯದಲ್ಲಿ ಇದಕ್ಕೆ ಹೊಸ ಲಿಖಿತ ಕರಾರು ಬೇಕಿಲ್ಲ, ಆದೇಶ ಸಾಕು. ಮಾಡಿದ ಪಾಠಕ್ಕೆ ಪೂರ್ತಿ ಸಂಬಳ. ಶಾಲಾ ಶಿಕ್ಷಕರಿಗೆ ಒಂದು ಪೂರ್ತಿ ಹುದ್ದೆ, ಅಂದರೆ ಒಂದು ‘ಸ್ತಾವ್ಕಾ’, ವಾರಕ್ಕೆ 18 ಪೀರಿಯಡ್. ಮಕ್ಕಳೂ ಚದುರಿಹೋಗಿ ತರಗತಿಗಳನ್ನು ಒಟ್ಟು ಮಾಡಿದರೆ ನಿಮ್ಮ ಪಾಲಿಗೆ 12 ಪೀರಿಯಡ್ ಬರಬಹುದು. ಆಗ ಸಂಬಳವೂ ಮೂರರಲ್ಲಿ ಎರಡು ಪಾಲು. ಇದು ಶಿಕ್ಷೆ ಅಲ್ಲ, ಲೆಕ್ಕ.

ಪಾಠವೇ ನಡೆಯದಿದ್ದರೆ? ಇಲ್ಲಿ ಎರಡು ದಾರಿ ಇದೆ, ಎರಡಕ್ಕೂ ದುಡ್ಡಿನ ವ್ಯತ್ಯಾಸ ಇದೆ. ನಿಮ್ಮ ತಪ್ಪಿಲ್ಲದೆ ತರಗತಿ ನಿಂತಿದ್ದು, ನೀವು ಬೇರೆ ಶೈಕ್ಷಣಿಕ ಕೆಲಸ ಮಾಡುತ್ತಿದ್ದರೆ, ಅಂದರೆ ಪಾಠದ ಟಿಪ್ಪಣಿ, ಪರೀಕ್ಷೆಯ ಪ್ರಶ್ನೆ, ವಿಡಿಯೊ ಪಾಠ ತಯಾರಿ ಇಂಥದ್ದು, ಆಗ ನಿಗದಿ ಮಾಡಿದ ಪೂರ್ತಿ ಸಂಬಳ ಕೊಡಬೇಕು. ಇದು 1993ರ ಸಂಬಳ ಸೂಚನೆಯಲ್ಲೇ ಇರುವ ಹಳೆಯ ನಿಯಮ. ಯಾವ ಕೆಲಸವೂ ಇಲ್ಲ ಅಂತ ಆದೇಶ ಹೊರಡಿಸಿದರೆ ಅದು ‘ಪ್ರೊಸ್ತಿಯ್’, ಕೆಲಸ ನಿಂತ ಕಾಲ. ಆಗ ಸಂಹಿತೆಯ 113ನೇ ಕಲಮಿನಂತೆ ಮೂಲ ವೇತನದ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ ಕೊಡುವ ಹಾಗಿಲ್ಲ. ಲೆಕ್ಕಕ್ಕೆ ಅಂತ ಮೂಲ ವೇತನ 9,000 ಹ್ರಿವ್ನಿಯಾ (ಉಕ್ರೇನಿನ ಹಣ) ಅಂದುಕೊಳ್ಳಿ. ಕೊಡಬೇಕಾದ ಕನಿಷ್ಠ 6,000, ಅದರಲ್ಲೂ ತೆರಿಗೆ ಕಳೆಯುತ್ತದೆ. ಮೂಲ ವೇತನದ ಮೇಲೆ ಲೆಕ್ಕ, ಭತ್ಯೆ ಸೇರಿಸಿದ ಮೊತ್ತದ ಮೇಲಲ್ಲ. ಇಲ್ಲೇ ಅನೇಕರು ಎಡವುವುದು. ಹಳೆಯ ಸಂಬಳದ ಚೀಟಿ ಹಿಡಿದು “ಮೂರರಲ್ಲಿ ಎರಡು ಪಾಲೂ ಬಂದಿಲ್ಲ” ಅಂತ ಜಗಳ ತೆಗೆಯುತ್ತಾರೆ.

ಹಾಗಾಗಿ ಪ್ರೊಸ್ತಿಯ್ ಆದೇಶ ಬಂತು ಅಂತ ಗೊತ್ತಾದ ತಕ್ಷಣ “ನನಗೆ ಪಾಠ ತಯಾರಿಯ ಕೆಲಸ ಕೊಡಿ” ಅಂತ ಇನ್ನೊಂದು ಇಮೇಲ್ ಹಾಕಿ. ಕೊಡುತ್ತಾರೋ ಬಿಡುತ್ತಾರೋ, ಕೇಳುವುದರಿಂದ ಹೋಗುವುದೇನಿಲ್ಲ.

ಸಂಬಳವಿಲ್ಲದ ರಜೆ ನೀವೇ ಕೇಳಿ ತಗೊಳ್ಳುವಂಥದ್ದು. ದೇಶ ಬಿಟ್ಟವರು ಅಥವಾ ಒಳನಾಡಿನಲ್ಲೇ ಸ್ಥಳಾಂತರಗೊಂಡವರು ಅಂತ ನೋಂದಾಯಿಸಿಕೊಂಡವರು ಕೇಳಿದರೆ 90 ದಿನಗಳವರೆಗೆ ಕೊಡಲೇಬೇಕು. ಇಲ್ಲ ಅನ್ನುವ ಹಕ್ಕು ಶಾಲೆಗಿಲ್ಲ. ಅದಕ್ಕಿಂತ ಜಾಸ್ತಿ ಬೇಕಾದರೆ ಹೆಡ್‌ಮಾಸ್ಟರ್ ಒಪ್ಪಬೇಕು. ವಾರ್ಷಿಕ ರಜೆ ಗಳಿಸಲು ಬೇಕಾದ ಸೇವೆಯ ಲೆಕ್ಕಕ್ಕೆ ಈ 90 ದಿನ ಸೇರುವುದಿಲ್ಲ. ಮಗುವಿಗೆ ಕಾಯಿಲೆ, ಮನೆ ಹುಡುಕಾಟ ಅಂತ ನಿಜಕ್ಕೂ ಪಾಠ ಮಾಡಲು ಆಗದ ಸಮಯಕ್ಕೆ ಇದು ಸರಿ. ಆದರೆ “ನೀವೇ ಅರ್ಜಿ ಬರೆದುಕೊಡಿ, ಎಲ್ಲರೂ ಕೊಟ್ಟಿದ್ದಾರೆ” ಅಂತ ಯಾರಾದರೂ ಒತ್ತಾಯಿಸಿದರೆ ಬರೆಯಬೇಡಿ. ಸ್ವಂತ ಇಚ್ಛೆಯಿಂದ ಕೇಳಿದ್ದೇನೆ ಅಂತ ಸಹಿ ಹಾಕಿದ ಮೇಲೆ ಹಿಂದೆ ಹೋಗುವುದು ಕಷ್ಟ.

ಇನ್ನು ಕರಾರು ತಡೆಹಿಡಿಯುವುದು, 2136ನೇ ಕಾನೂನಿನ 13ನೇ ಕಲಮು. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಅಪಾಯದ ಖಾನೆ. ಕೆಲಸ ಹೋಗಿರುವುದಿಲ್ಲ, ಆದರೆ ಸಂಬಳವೂ ಬರುವುದಿಲ್ಲ. ಆ ಅವಧಿಯ ನಷ್ಟವನ್ನು ದಾಳಿ ಮಾಡಿದ ದೇಶ ತುಂಬಿಕೊಡಬೇಕು ಅಂತ ಕಾನೂನು ಹೇಳುತ್ತದೆ. ಅದು ಯಾವ ಕಾಲಕ್ಕೆ ಬರುತ್ತದೋ! ಆದರೆ ಇದಕ್ಕೆ ಒಂದು ಕಟ್ಟುಪಾಡು ಇದೆ. ಯುದ್ಧದ ಕಾರಣ ಶಾಲೆಗೂ ಕೆಲಸ ಕೊಡಲು ಆಗಬಾರದು, ನಿಮಗೂ ಕೆಲಸ ಮಾಡಲು ಆಗಬಾರದು. ಎರಡೂ ಒಟ್ಟಿಗೆ ಇರಬೇಕು. ಶಾಲೆ ಆನ್‌ಲೈನ್‌ನಲ್ಲಿ ನಡೆಯುತ್ತಿದ್ದು, ನೀವು ಮಾಡಲು ಸಿದ್ಧ ಅಂತ ಬರೆದುಕೊಟ್ಟಿದ್ದರೆ ಎರಡೂ ಷರತ್ತು ಬಿದ್ದುಹೋಗುತ್ತವೆ. ಮೊದಲ ಹೆಜ್ಜೆಯ ಇಮೇಲ್ ಈಗ ನೆನಪಾಯಿತಲ್ಲ? ಕರಾರು ತಡೆಹಿಡಿದ ಆದೇಶವನ್ನು ಸರ್ಕಾರಿ ಕಾರ್ಮಿಕ ಸೇವೆ ‘ದೆರ್ಜ್‌ಪ್ರಾತ್ಸಿ’ಯಲ್ಲಿ ಪ್ರಶ್ನಿಸಬಹುದು. ನೀವೂ ದೂರು ಕೊಡಬಹುದು, ನಿಮ್ಮ ಪರವಾಗಿ ಕಾರ್ಮಿಕ ಸಂಘವೂ ಕೊಡಬಹುದು.

ಹೆಜ್ಜೆ 3: ಕಾಗದ ಒಟ್ಟು ಮಾಡಿ

ಉಕ್ರೇನ್ ಒಳಗೇ ಬೇರೆ ಊರಿಗೆ ಬಂದಿದ್ದರೆ ‘ವಿಪಿಓ’ ಪತ್ರ ಮಾಡಿಸಿ. ಒಳನಾಡಿನಲ್ಲಿ ಸ್ಥಳಾಂತರಗೊಂಡವರು ಅನ್ನುವುದಕ್ಕೆ ಇದೇ ದಾಖಲೆ. 2014ರಲ್ಲಿ ಕ್ರೈಮಿಯಾ ಮತ್ತು ಡೊನ್‌ಬಾಸ್‌ನಿಂದ ಜನ ಓಡಿಬಂದಾಗ ಮಾಡಿದ 1706ನೇ ಕಾನೂನು ಇದಕ್ಕೆ ಆಧಾರ. ಸಮಾಜ ರಕ್ಷಣೆ ಕಚೇರಿಯಲ್ಲೋ, ಸರ್ಕಾರಿ ಸೇವೆಗಳ ದಿಯಾ ಆ್ಯಪ್‌ನಲ್ಲೋ ಅರ್ಜಿ ಹಾಕಬಹುದು. ಈ ಪತ್ರ ಬೇರೆ, ತಿಂಗಳ ಭತ್ಯೆ ಬೇರೆ. ಭತ್ಯೆ ಸಿಗದಿದ್ದರೂ ಪತ್ರ ಬೇಕೇ ಬೇಕು. ಮೇಲೆ ಹೇಳಿದ 90 ದಿನದ ರಜೆಗೂ, ಉದ್ಯೋಗ ಕೇಂದ್ರದಲ್ಲಿ ಹೆಸರು ಬರೆಸುವುದಕ್ಕೂ ಅದನ್ನೇ ಕೇಳುತ್ತಾರೆ.

ಸೇವಾ ಪುಸ್ತಕ, ಅಲ್ಲಿಯ ‘ತ್ರುದೊವಾ ಕ್ನಿಜ್ಕಾ’, ಶಾಲೆಯ ಕಬ್ಬಿಣದ ಪೆಟ್ಟಿಗೆಯಲ್ಲೇ ಉಳಿದಿರಬಹುದು. ಶಾಲೆಯೇ ಸುಟ್ಟುಹೋಗಿರಬಹುದು. ಗಾಬರಿ ಬೇಡ. 2021ರ ಜೂನ್‌ನಿಂದ ಸೇವಾ ದಾಖಲೆಗಳು ಎಲೆಕ್ಟ್ರಾನಿಕ್ ಆಗುತ್ತಿವೆ. ಪಿಂಚಣಿ ನಿಧಿಯ ತಾಣದಲ್ಲಿ ನಿಮ್ಮ ಖಾತೆಗೆ ಹೋಗಿ, ವರ್ಷವಾರು ಸೇವೆ ಮತ್ತು ಸಂಬಳದ ವಿವರ ತೆಗೆದುಕೊಳ್ಳಿ. ಅಲ್ಲಿ ಇಲ್ಲದ ಹಳೆಯ ವರ್ಷಗಳಿಗೆ ಸೇವಾ ಪುಸ್ತಕದ ಫೋಟೊ, ನೇಮಕಾತಿ ಆದೇಶ, ಸಹೋದ್ಯೋಗಿಗಳ ಹತ್ತಿರ ಉಳಿದ ಪ್ರತಿ, ಏನು ಸಿಕ್ಕರೂ ಸ್ಕ್ಯಾನ್ ಮಾಡಿ. ಡಿಪ್ಲೊಮಾ ಕಳೆದಿದ್ದರೆ ನಕಲು ಪ್ರತಿಗೆ ಅರ್ಜಿ ಹಾಕಿ.

ಒಂದು ಸಮಾಧಾನದ ವಿಷಯ: ಶಿಕ್ಷಕರಿಗೆ ಮೌಲ್ಯಮಾಪನದಲ್ಲಿ ಸಿಕ್ಕ ದರ್ಜೆ ಶಾಲೆ ಬದಲಾದರೂ ಮುಂದಿನ ಮೌಲ್ಯಮಾಪನದ ತನಕ ಉಳಿಯುತ್ತದೆ. ಸಂಬಳ ಅದರ ಮೇಲೆ ನಿಂತಿರುವುದರಿಂದ ಆ ಹಾಳೆಯನ್ನು ಪಾಸ್‌ಪೋರ್ಟ್‌ನಷ್ಟೇ ಜೋಪಾನವಾಗಿ ಇಡಿ.

ಹೆಜ್ಜೆ 4: ದೇಶದೊಳಗೇ ಹೊಸ ಶಾಲೆ ಸಿಕ್ಕಿದರೆ

ಹಳೆಯ ಶಾಲೆಯಲ್ಲಿ 6 ಪೀರಿಯಡ್ ಆನ್‌ಲೈನ್ ಪಾಠ ಉಳಿದಿದೆ, ಹೊಸ ಊರಿನ ಶಾಲೆ 12 ಪೀರಿಯಡ್ ಕೊಡುತ್ತೇನೆ ಅನ್ನುತ್ತಿದೆ ಅಂದುಕೊಳ್ಳಿ. ಹಳೆಯದನ್ನು ಬಿಡಬೇಕಿಲ್ಲ. ಒಂದು ಮುಖ್ಯ ಕೆಲಸ, ಇನ್ನೊಂದು ಜೊತೆ ಕೆಲಸ ಅಂತ ಎರಡನ್ನೂ ಇಟ್ಟುಕೊಳ್ಳಬಹುದು. ವೇಳಾಪಟ್ಟಿ ಒಂದರ ಮೇಲೊಂದು ಬೀಳದ ಹಾಗೆ ನೋಡಿಕೊಂಡರೆ ಆಯಿತು.

ಗಂಡಸರು ಮಾತ್ರ ಇಲ್ಲಿ ಸ್ವಲ್ಪ ನಿಲ್ಲಬೇಕು. ಶಾಲಾ ಶಿಕ್ಷಕರಿಗೆ ಸೇನೆಗೆ ಕರೆಯಿಂದ ಮುಂದೂಡಿಕೆ ಸಿಗಬೇಕಾದರೆ ಮುಖ್ಯ ಕೆಲಸದ ಜಾಗದಲ್ಲಿ ಕನಿಷ್ಠ 0.75 ಸ್ತಾವ್ಕಾ ಇರಬೇಕು. 18 ಪೀರಿಯಡ್‌ಗೆ ಅದು 13.5. ಮೇಲಿನ ಉದಾಹರಣೆಯಲ್ಲಿ 6 ಮತ್ತು 12 ಸೇರಿ 18 ಆಯಿತಲ್ಲ ಅಂತ ಖುಷಿಪಟ್ಟರೆ ಕೆಟ್ಟಿರಿ. ಯಾವ ಒಂದು ಜಾಗದಲ್ಲೂ 13.5 ಮುಟ್ಟಿಲ್ಲ. ಹೊಸ ಶಾಲೆಯಲ್ಲಿ 14 ಸಿಗುವ ತನಕ ಕೇಳಿ, ಸಿಕ್ಕರೆ ಅದನ್ನೇ ಮುಖ್ಯ ಕೆಲಸ ಮಾಡಿಕೊಳ್ಳಿ. ಇದೊಂದು ಸಂದರ್ಭದಲ್ಲಿ ಹಳೆಯ ಶಾಲೆಗೆ ಅಂಟಿಕೊಳ್ಳುವುದಕ್ಕಿಂತ ಲೆಕ್ಕ ಹಾಕುವುದು ಮುಖ್ಯ.

ಕೆಲವರಿಗೆ ಶಾಲೆಯೇ ಜೊತೆಗೆ ಬಂದಿದೆ. ಡೊನೆಟ್ಸ್ಕ್‌ನ ವಿಶ್ವವಿದ್ಯಾಲಯ 2014ರಲ್ಲಿ ವಿನ್ನಿತ್ಸಿಯಾಗೆ ಬಂತು. ಮರಿಯುಪೊಲ್‌ನದು 2022ರಲ್ಲಿ ಕೀವ್‌ಗೆ ಬಂತು. ನಿಮ್ಮ ಸಂಸ್ಥೆ ಹೀಗೆ ಹೊಸ ವಿಳಾಸದಲ್ಲಿ ನಡೆಯುತ್ತಿದ್ದರೆ ಕರಾರು ಅದರ ಜೊತೆಗೇ ಮುಂದುವರಿಯುತ್ತದೆ. ಮೊದಲು ಅದನ್ನು ವಿಚಾರಿಸಿ.

ಆಕ್ರಮಿತ ಊರಿನಿಂದ ಬಂದವರು

ಇದನ್ನು ಹೆಜ್ಜೆ ಅನ್ನುವುದಕ್ಕಿಂತ ಎಚ್ಚರಿಕೆ ಅನ್ನಬೇಕು. 2022ರ ಮಾರ್ಚ್‌ನಲ್ಲಿ ಅಪರಾಧ ಸಂಹಿತೆಗೆ 111-1 ಅನ್ನುವ ಕಲಮು ಸೇರಿತು. ಶಾಲೆಗಳಲ್ಲಿ ದಾಳಿಕೋರ ದೇಶದ ಪರ ಪ್ರಚಾರ ಮಾಡುವುದು, ಅದರ ಶಿಕ್ಷಣ ಮಾನದಂಡಗಳನ್ನು ಜಾರಿಗೆ ತರುವುದು ಅಪರಾಧ. ಮೂರು ವರ್ಷಗಳವರೆಗೆ ಜೈಲು ಆಗಬಹುದು. ಜೊತೆಗೆ ಹುದ್ದೆಗಳಿಂದ 10ರಿಂದ 15 ವರ್ಷ ನಿಷೇಧ. ಬಂದೂಕಿನ ನೆರಳಲ್ಲಿ ಬದುಕಿದವರನ್ನು ದೂರದಲ್ಲಿ ಕೂತು ಅಳೆಯುವುದು ಸುಲಭವಲ್ಲ. ಆದರೆ ಹೊಸ ಶಾಲೆ ಕೇಳುವ ಪ್ರಶ್ನೆ ಇದೇ. ಆಕ್ರಮಣದ ತಿಂಗಳುಗಳಲ್ಲಿ ಏನು ಮಾಡುತ್ತಿದ್ದಿರಿ? ಮನೆಯಲ್ಲೇ ಇದ್ದಿರಾ, ಆನ್‌ಲೈನ್‌ನಲ್ಲಿ ಉಕ್ರೇನ್ ಪಠ್ಯ ಕಲಿಸುತ್ತಿದ್ದಿರಾ, ಬೇರೆ ಶಾಲೆಗೆ ಹೋಗಿದ್ದಿರಾ? ಉತ್ತರ ತೊಡಕಿನದು ಅನ್ನಿಸಿದರೆ ಅರ್ಜಿ ಹಾಕುವ ಮುಂಚೆ ವಕೀಲರ ಹತ್ತಿರ ಮಾತಾಡಿ. ಸರ್ಕಾರದ ಉಚಿತ ಕಾನೂನು ನೆರವು ಕೇಂದ್ರಗಳು ಸ್ಥಳಾಂತರಗೊಂಡವರ ಕೆಲಸ ಮಾಡಿಕೊಡುತ್ತವೆ.

ಹಳೆಯ ಶಾಲೆ ಆಕ್ರಮಿತ ಊರಿನಲ್ಲಿದ್ದು ಯಾರೂ ಸಿಗುತ್ತಿಲ್ಲವಾದರೆ, ಕರಾರು ಮುಗಿಸಲು ಉದ್ಯೋಗ ಕೇಂದ್ರಕ್ಕೆ ಅರ್ಜಿ ಕೊಡುವ ದಾರಿ ಇದೆ. ಹೆಡ್‌ಮಾಸ್ಟರ್ ಸಹಿಗೆ ಕಾಯುತ್ತಾ ಕೂರಬೇಕಿಲ್ಲ.

ಹೆಜ್ಜೆ 5: ದೇಶದ ಹೊರಗಿದ್ದರೆ

ಯುರೋಪಿಯನ್ ಒಕ್ಕೂಟ 2022ರ ಮಾರ್ಚ್ 4ರಂದು ತಾತ್ಕಾಲಿಕ ರಕ್ಷಣೆಯ ನಿಯಮವನ್ನು ಮೊದಲ ಸಲ ಬಳಕೆಗೆ ತಂದಿತು. ಆ ನಿಯಮ 2001ರಿಂದ ಪುಸ್ತಕದಲ್ಲೇ ಇತ್ತು. ಈಗ ಅದನ್ನು 2027ರ ಮಾರ್ಚ್ 4ರ ತನಕ ಬೆಳೆಸಿದ್ದಾರೆ. ಇದರ 12ನೇ ಕಲಮು ಕೆಲಸ ಮಾಡುವ ಹಕ್ಕು ಕೊಡುತ್ತದೆ. ಆದರೆ ಆಯಾ ವೃತ್ತಿಯ ನಿಯಮಗಳಿಗೆ ಒಳಪಟ್ಟು. ಶಿಕ್ಷಕ ವೃತ್ತಿ ಬಹಳ ದೇಶಗಳಲ್ಲಿ ನಿಯಂತ್ರಣ ಇರುವ ವೃತ್ತಿ. ಅಂದರೆ ನಾಳೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಬಹುದು, ನಾಳೆಯೇ ತರಗತಿಯಲ್ಲಿ ನಿಲ್ಲುವ ಹಾಗಿಲ್ಲ. ಮೊದಲು ನಿಮ್ಮ ಡಿಪ್ಲೊಮಾಗೆ ಮಾನ್ಯತೆ ಸಿಗಬೇಕು.

ಜರ್ಮನಿಯಲ್ಲಿ ಇದು 16 ರಾಜ್ಯಗಳ ಪ್ರತ್ಯೇಕ ಅಧಿಕಾರ. ಬರ್ಲಿನ್‌ನಲ್ಲಿ ಕೇಳಿದ್ದು ಬವೇರಿಯಾಕ್ಕೆ ಹೊಂದುವುದಿಲ್ಲ. ಅಲ್ಲಿ ಶಾಲಾ ಶಿಕ್ಷಕರು ಸಾಮಾನ್ಯವಾಗಿ ಎರಡು ವಿಷಯ ಕಲಿಸುತ್ತಾರೆ. ಉಕ್ರೇನ್‌ನಿಂದ ಬಂದವರಲ್ಲಿ ಬಹಳಷ್ಟು ಜನರಿಗೆ ಒಂದೇ ವಿಷಯದ ಡಿಪ್ಲೊಮಾ. ಹಾಗಾಗಿ ಇನ್ನೊಂದು ವಿಷಯ ಓದಿ ಬನ್ನಿ ಅನ್ನುವ ಉತ್ತರ ಬಂದರೆ ಅವಮಾನ ಅಂದುಕೊಳ್ಳಬೇಡಿ. ಜರ್ಮನ್ ಭಾಷೆಯೂ ಮೇಲಿನ ಮಟ್ಟದಲ್ಲಿ ಬೇಕು.

ಪೋಲೆಂಡ್ 2022ರ ಮಾರ್ಚ್ 12ರ ವಿಶೇಷ ಕಾನೂನಿನಲ್ಲಿ ಬೇರೆ ಬಾಗಿಲು ತೆರೆಯಿತು. ಪೂರ್ತಿ ಶಿಕ್ಷಕರಾಗದಿದ್ದರೂ, ಮಕ್ಕಳಿಗೆ ನೆರವಾಗುವಷ್ಟು ಪೋಲಿಷ್ ಮಾತು ಮತ್ತು ಬರಹ ಬಂದರೆ ಶಿಕ್ಷಕರ ಸಹಾಯಕರಾಗಿ ಸೇರಿಸಿಕೊಳ್ಳಬಹುದು ಅಂತ. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಸಹಾಯಕರ ಕುರ್ಚಿ ಚಿಕ್ಕದು, ನಿಜ. ಆದರೆ ಶಾಲೆಯ ಒಳಗಿದ್ದರೆ ಭಾಷೆ ಬೇಗ ಬರುತ್ತದೆ, ಖಾಲಿ ಹುದ್ದೆಯ ಸುದ್ದಿ ಮೊದಲು ಕಿವಿಗೆ ಬೀಳುತ್ತದೆ. ನಾನಾಗಿದ್ದರೆ ಹೋಗುತ್ತಿದ್ದೆ.

ಮಾನ್ಯತೆಗೆ ಆಯಾ ದೇಶದ ಎನಿಕ್-ನ್ಯಾರಿಕ್ ಕೇಂದ್ರವನ್ನು, ಅಂದರೆ ಹೊರದೇಶದ ಪದವಿಗಳ ಮಾನ್ಯತೆಯ ಮಾಹಿತಿ ಕೊಡುವ ಕಚೇರಿಯನ್ನು, ಕೇಳಿ. ಉಕ್ರೇನ್‌ನಿಂದ ಬಂದವರ ವಿದ್ಯಾರ್ಹತೆಯನ್ನು ಸರಳವಾಗಿ, ಬೇಗ ಪರಿಶೀಲಿಸಿ ಅಂತ ಯುರೋಪಿಯನ್ ಆಯೋಗ 2022ರ ಏಪ್ರಿಲ್‌ನಲ್ಲೇ ಸದಸ್ಯ ದೇಶಗಳಿಗೆ ಶಿಫಾರಸು ಮಾಡಿದೆ. ಅದು ಶಿಫಾರಸು, ಕಡ್ಡಾಯ ಅಲ್ಲ. ಆದರೂ ಕಾಗದ ಪೂರ್ತಿ ಇಲ್ಲ ಅಂತ ವಾಪಸ್ ಕಳಿಸಿದರೆ ಅದನ್ನು ತೋರಿಸಿ ಮಾತಾಡಬಹುದು.

ಇನ್ನೊಂದು ವಿಷಯ, ಹೇಳದಿದ್ದರೆ ಆಮೇಲೆ ಅಳು. ಹೊರದೇಶದಲ್ಲಿ ಕೂತು ಉಕ್ರೇನ್ ಶಾಲೆಗೆ ಆನ್‌ಲೈನ್ ಪಾಠ ಮಾಡಿ ಸಂಬಳ ತಗೊಳ್ಳುತ್ತಿದ್ದೀರಿ, ಇಲ್ಲಿ ಸರ್ಕಾರದ ನೆರವೂ ಪಡೆಯುತ್ತಿದ್ದೀರಿ ಅಂದರೆ, ಆ ಸಂಬಳವನ್ನು ನೆರವು ಕೊಡುವ ಕಚೇರಿಗೆ ತಿಳಿಸಲೇಬೇಕು. ಚಿಕ್ಕ ಮೊತ್ತ, ಹ್ರಿವ್ನಿಯಾದಲ್ಲಿ ಬರುತ್ತದೆ, ಯಾರಿಗೆ ಗೊತ್ತಾಗುತ್ತದೆ ಅನ್ನುವುದು ಬೇಡ. ಕೊಟ್ಟ ನೆರವನ್ನು ವಾಪಸ್ ಕೇಳಬಹುದು.

ಶಾಲೆ “ಮತ್ತೆ ತರಗತಿಗೆ ಬನ್ನಿ” ಅಂದಾಗ

ಊರು ಸ್ವಲ್ಪ ಶಾಂತವಾಗಿ, ಬಾಂಬ್ ಆಶ್ರಯ ತಯಾರಾದ ಮೇಲೆ ಶಾಲೆಗಳು ಮಕ್ಕಳನ್ನು ಕಟ್ಟಡಕ್ಕೆ ಕರೆಯುತ್ತವೆ. ಆಗ ನಿಮ್ಮ ದೂರಕೆಲಸದ ಆದೇಶ ರದ್ದಾಗಬಹುದು. ಶಾಂತಿಯ ಕಾಲದಲ್ಲಿ ಕೆಲಸದ ಮುಖ್ಯ ಷರತ್ತು ಬದಲಿಸಬೇಕಾದರೆ ಎರಡು ತಿಂಗಳ ಮುಂಚೆ ಹೇಳಬೇಕಿತ್ತು. ಯುದ್ಧಕಾಲದ 2136ನೇ ಕಾನೂನಿನಲ್ಲಿ ಆ ಎರಡು ತಿಂಗಳಿಲ್ಲ, ಬದಲಾವಣೆ ಜಾರಿಗೆ ಬರುವ ಮುಂಚೆ ತಿಳಿಸಿದರೆ ಸಾಕು. ಒಪ್ಪದಿದ್ದರೆ ಕರಾರು ಮುಗಿಸಬಹುದು. ಆದ್ದರಿಂದ ಪತ್ರ ಬಂದ ದಿನವೇ ಉತ್ತರ ಬರೆಯಿರಿ. ನಿಮ್ಮ ಶಾಲೆಯಲ್ಲಿ ಹೊರಗಿರುವ ಮಕ್ಕಳಿಗೆ ಪ್ರತ್ಯೇಕ ಆನ್‌ಲೈನ್ ತರಗತಿ ಇದ್ದರೆ ಅದನ್ನು ಕೇಳಿ. ಇಲ್ಲದಿದ್ದರೆ 90 ದಿನದ ರಜೆಯನ್ನು ಈಗ ಬಳಸಿ. ಆ ಮೂರು ತಿಂಗಳಲ್ಲಿ ಹೋಗುವುದಾ, ಇಲ್ಲೇ ಇರುವುದಾ ಅಂತ ಮನೆಯವರ ಜೊತೆ ಕೂತು ತೀರ್ಮಾನ ಮಾಡಿ.

ಬಿಡಲೇಬೇಕು ಅಂತಾದರೆ ಬಿಡಿ. ಕದನ ನಡೆಯುವ ಪ್ರದೇಶದ ಶಾಲೆಯಾಗಿದ್ದು ಜೀವಕ್ಕೆ ಅಪಾಯ ಇದ್ದರೆ ಎರಡು ವಾರದ ನೋಟಿಸ್ ಬೇಕಿಲ್ಲ, ನೀವು ಅರ್ಜಿಯಲ್ಲಿ ಬರೆದ ದಿನವೇ ಬಿಡುಗಡೆ. ಆ ಅರ್ಜಿಯ ಕೆಳಗೆ ಇನ್ನೂ ಎರಡು ಸಾಲು ಸೇರಿಸಿ. ಬಳಸದ ರಜೆಯ ದುಡ್ಡು ಈ ಬ್ಯಾಂಕ್ ಖಾತೆಗೆ ಹಾಕಿ, ಬಿಡುಗಡೆ ಆದೇಶ ಮತ್ತು ಸೇವಾ ಪುಸ್ತಕದ ಪ್ರತಿಯನ್ನು ಈ ವಿಳಾಸಕ್ಕೆ ಕಳಿಸಿ ಅಂತ. ವಿಳಾಸ ಬದಲಾಗುತ್ತಲೇ ಇರುತ್ತದೆ ಅನ್ನುವವರು ಊರಿನಲ್ಲೇ ಉಳಿದ ನಂಬಿಕಸ್ತರೊಬ್ಬರ ವಿಳಾಸ ಕೊಡಿ.